ಸಹಾಯ ಬೇಕು: ಮಗನಿಗೆ ‘ಲಿಸಾಂಡ್ರೋಸ್’ ಅಂತ ಹೆಸರಿಡಬಹುದಾ?

ಎಲ್ಲರಿಗೂ ನಮಸ್ಕಾರ. ನನ್ನ ಗಂಡ ಗ್ರೀಸ್‌ನವರು, ನಾವಿರುವುದು ಅಥೆನ್ಸ್‌ನಲ್ಲಿ. ಹುಟ್ಟಲಿರುವ ಮಗನಿಗೆ ಲಿಸಾಂಡ್ರೋಸ್ ಅಂತ ಇಡಬೇಕೆಂದು ಅವರಿಗೆ ತುಂಬಾ ಆಸೆ. ಇಂಗ್ಲಿಷಿನವರು ಲೈಸಾಂಡರ್ ಅನ್ನುವುದು ಇದನ್ನೇ. ಜನರನ್ನು ಬಿಡುಗಡೆ ಮಾಡುವವನು ಅಂತ ಅರ್ಥ. ಅರ್ಥವೇನೋ ನನಗೂ ಇಷ್ಟ.

ಆದರೆ ಇತಿಹಾಸ ಓದಿದ ಮೇಲೆ ಮನಸ್ಸು ಹಿಂಜರಿಯುತ್ತಿದೆ. ಈ ಹೆಸರಿನ ಸ್ಪಾರ್ಟಾ ಸೇನಾಪತಿ ಕ್ರಿ.ಪೂ. 405ರಲ್ಲಿ ಅಥೆನ್ಸ್‌ನ ಹಡಗುಪಡೆಯನ್ನೇ ಮುಗಿಸಿದ. ಮರುವರ್ಷ ಊರು ಶರಣಾಯಿತು. ಬಂದರಿನವರೆಗೆ ಇದ್ದ ಉದ್ದನೆಯ ಗೋಡೆಗಳನ್ನು ಕೆಡವಿಸಿ, ಮೂವತ್ತು ಜನರ ಕ್ರೂರ ಆಡಳಿತ ಕೂರಿಸಿದ. ಅದೇ ಊರಲ್ಲಿ ನಮ್ಮ ಮಗು ಬೆಳೆಯಬೇಕಲ್ವಾ?

ಹೆಸರು ಇಲ್ಲಿ ಅಪರೂಪವೂ ಹೌದು. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರಿಡುವುದು ಇಲ್ಲಿನ ರೂಢಿ, ನಮ್ಮ ಎಷ್ಟೋ ಮನೆಗಳ ಹಾಗೇ. ಅದಕ್ಕೇ ಯೋರ್ಗೋಸ್, ಯಾನಿಸ್, ಕೋಸ್ಟಾಸ್ ಜಾಸ್ತಿ. ಸಂತರ ಹೆಸರಿದ್ದರೆ ವರ್ಷಕ್ಕೊಮ್ಮೆ ಹೆಸರಿನ ಹಬ್ಬವೂ ಇರುತ್ತದೆ.

ಗ್ರೀಸ್‌ನಲ್ಲಿರುವ ಕನ್ನಡದವರೇ, ಈ ಹೆಸರಿನವರು ಯಾರಾದರೂ ನಿಮಗೆ ಗೊತ್ತಾ? ಅಥೆನ್ಸ್‌ನವರು ಈ ಹೆಸರು ಕೇಳಿ ಏನಾದರೂ ಅಂದುಕೊಳ್ಳುತ್ತಾರಾ? ಮೈಸೂರಿನಲ್ಲಿರುವ ಅಮ್ಮ ಸಲೀಸಾಗಿ ಕರೆಯೋ ಹಾಗೆ ಒಂದು ಚಿಕ್ಕ ಹೆಸರನ್ನೂ ದಯವಿಟ್ಟು ಸೂಚಿಸಿ.