ಅಟ್ಯಾಕ್-ಸೀಕ್: ಮೂರು ಸಲ ಮಾಡಿದರೂ ಲೈಬ್ರರಿ ಇಲ್ಲ, ಟಿಎನ್5 ಸತ್ತುಹೋಗಿದೆಯಾ?

ಖಾಲಿ_ಲೇನ್:
ತಲೆ ಕೆಟ್ಟುಹೋಗಿದೆ. ಅಟ್ಯಾಕ್-ಸೀಕ್ ಮಾಡ್ತಿದ್ದೀನಿ, ಅಂದ್ರೆ ಟಿಎನ್5 ಎಂಜೈಮ್ ಕೋಶದಲ್ಲಿ ತೆರೆದಿರೋ ಡಿಎನ್ಎ ಜಾಗಗಳನ್ನು ಕತ್ತರಿಸುತ್ತೆ, ಆ ತುಂಡುಗಳ ಸಂಗ್ರಹವನ್ನು (ಲೈಬ್ರರಿ) ಪಿಸಿಆರ್‌ನಲ್ಲಿ ಹೆಚ್ಚಿಸಿ ಓದಬೇಕು. 50,000 ಕೋಶ, 37 ಡಿಗ್ರಿ, 30 ನಿಮಿಷ, ಎಲ್ಲ ಪ್ರೊಟೊಕಾಲ್‌ನಲ್ಲಿ ಇದ್ದ ಹಾಗೇ ಮಾಡಿದ್ದೀನಿ. ಪಿಸಿಆರ್ ಆದಮೇಲೆ ನೋಡಿದರೆ ನ್ಯೂಕ್ಲಿಯೊಸೋಮ್ (ಡಿಎನ್ಎ ಸುತ್ತಿಕೊಂಡಿರೋ ಪ್ರೋಟೀನ್ ಉಂಡೆ) ಲೆಕ್ಕದಲ್ಲಿ ಉದ್ದ ಹೆಚ್ಚೋ ತುಂಡುಗಳ ಮೆಟ್ಟಿಲು ಹಾಗಿರಲಿ, ಒಂದು ಸಣ್ಣ ದಿಬ್ಬವೂ ಇಲ್ಲ. ತಳದಲ್ಲಿ ಪ್ರೈಮರ್ ಡೈಮರ್ ಮಾತ್ರ, ಅಂದ್ರೆ ಪ್ರೈಮರ್‌ಗಳೇ ಒಂದಕ್ಕೊಂದು ಅಂಟಿಕೊಂಡಿದ್ದು. ಟಿಎನ್5 ನಮ್ಮ ಲ್ಯಾಬಲ್ಲೇ ಶುದ್ಧ ಮಾಡಿದ್ದು, ಹೋದ ತಿಂಗಳು ಇದೇ ಬ್ಯಾಚ್ ಚೆನ್ನಾಗಿತ್ತು. ಎಸೆದುಬಿಡಲಾ?

ಬಫರ್_ಭಕ್ತ:
ಇಡಿಟಿಎ. ಕೋಶ ಬಿಡಿಸೋಕೆ ಹಾಕೋ ಟ್ರಿಪ್ಸಿನ್ ಜೊತೆ ಬಂದಿರುತ್ತೆ. ಅದು ಮ್ಯಾಗ್ನೀಷಿಯಂ ಹಿಡಿದುಕೊಂಡರೆ ಟಿಎನ್5 ಕತ್ತರಿಸೋದೇ ಇಲ್ಲ.

ಖಾಲಿ_ಲೇನ್:
ಎರಡು ಸಲ ಪಿಬಿಎಸ್‌ನಲ್ಲಿ ತೊಳೆದಿದ್ದೀನಿ ಸರ್.

ಬಫರ್_ಭಕ್ತ:
ಪೆಲೆಟ್ ಮೇಲೆ ಒಂದಿಷ್ಟು ಉಳಿದೇ ಇರುತ್ತೆ. ಮೂರನೇ ಸಲ ತೊಳೀರಿ. ಬಫರನ್ನೂ ಹೊಸದಾಗಿ ಮಾಡಿ, ರಿಯಾಕ್ಷನ್‌ನಲ್ಲಿ ಮ್ಯಾಗ್ನೀಷಿಯಂ 5 ಮಿಲಿಮೋಲಾರ್, ಡಿಎಂಎಫ್ ದ್ರಾವಕ 10% ಇರಬೇಕು.

ಕಿಟ್_ಸಾಕು:
ಎಂಜೈಮ್ ನೀವೇ ಯಾಕೆ ಮಾಡ್ಕೋತೀರ್ರೀ? ಬ್ಯಾಚಿಂದ ಬ್ಯಾಚಿಗೆ ಬದಲಾಗುತ್ತೆ. ಕಿಟ್ ತಗೊಂಡ್ರೆ ಈ ಗೋಳೇ ಇರಲ್ಲ.

ಗ್ಲಿಸರಾಲ್_50:
ಲ್ಯಾಬಲ್ಲೇ ಮಾಡಿಕೊಳ್ಳೋ ವಿಧಾನ 2014ರಲ್ಲೇ ಪ್ರಕಟವಾಗಿದೆ. ನಮ್ಮದು ಮೈನಸ್ 20ರಲ್ಲಿ ಎರಡು ವರ್ಷದಿಂದ ಇದೆ, ಇವತ್ತಿಗೂ ಹೊಸದರ ಹಾಗೆ ಕತ್ತರಿಸುತ್ತೆ. ಕಟ್-ಅಂಡ್-ಟ್ಯಾಗ್‌ಗೆ (ಪ್ರತಿಕಾಯ ಕೂತ ಜಾಗದಲ್ಲಿ ಮಾತ್ರ ಡಿಎನ್ಎ ಕತ್ತರಿಸೋ ವಿಧಾನ) ಪ್ರತಿಕಾಯ ಹಿಡಿಯೋ ಪ್ರೋಟೀನ್-ಎ ಜೋಡಿಸಿದ ಟಿಎನ್5 ಕೂಡ ನಾವೇ ಮಾಡಿದ್ದೀವಿ. 300 ಮಿಲಿಮೋಲಾರ್ ಉಪ್ಪಲ್ಲಿ ತೊಳೆದರೆ ತೆರೆದ ಕ್ರೊಮಾಟಿನ್‌ಗೆ (ಡಿಎನ್ಎ ಮತ್ತು ಪ್ರೋಟೀನ್ ಸೇರಿದ ಎಳೆ) ಸುಮ್ಮನೆ ಅಂಟಿಕೊಳ್ಳಲ್ಲ, ಹಿನ್ನೆಲೆ ಗಲೀಜು ಬಹಳ ಕಮ್ಮಿ.

ಕಿಟ್_ಸಾಕು:
ಎಲ್ಲರ ಹತ್ತಿರ ಪ್ರೋಟೀನ್ ಶುದ್ಧ ಮಾಡೋ ವ್ಯವಸ್ಥೆ ಇರಲ್ವಲ್ಲ.

ಹಳೇ_ಪಿಪೆಟ್:
ಅದು ಬೇರೆ ಮಾತು, ಆಮೇಲೆ ಆಡೋಣ. ಖಾಲಿ_ಲೇನ್ ಅವರೇ, ಬರಿ ಜೀನೋಮಿಕ್ ಡಿಎನ್‌ಎ ಮೇಲೆ ಎಂಜೈಮ್ ಹಾಕಿ ನೋಡಿದ್ರಾ? ಪಿಸಿಆರ್ ಮಿಕ್ಸ್ ಯಾವುದು? ಪ್ರೋಗ್ರಾಮಿನ ಮೊದಲ ಹೆಜ್ಜೆ ಏನು?

ಖಾಲಿ_ಲೇನ್:
ಹಾ, ನೋಡಿದ್ದೆ. ಎಸ್‌ಡಿಎಸ್ ಹಾಕಿ ಎಂಜೈಮ್ ಬಿಡಿಸಿ ಜೆಲ್ ಓಡಿಸಿದೆ. ಮೇಲಿನ ದಪ್ಪ ಬ್ಯಾಂಡ್ ಪೂರ್ತಿ ಹೋಗಿ 200ರಿಂದ 600 ಬೇಸ್‌ವರೆಗೆ ಮಂಜು ಹರಡಿದ ಹಾಗೆ ಬಂತು. ಪಿಸಿಆರ್‌ಗೆ ಈ ತಿಂಗಳಿಂದ ಹೊಸ ಹಾಟ್-ಸ್ಟಾರ್ಟ್ ಮಿಕ್ಸ್. 98 ಡಿಗ್ರಿ 30 ಸೆಕೆಂಡ್, ಆಮೇಲೆ ಸೈಕಲ್‌ಗಳು. ಮಾಮೂಲಿ ಅಂತ ಬರೆದಿರಲಿಲ್ಲ.

ಹಳೇ_ಪಿಪೆಟ್:
ಅಲ್ಲೇ ಇದೆ ನೋಡಿ. ಎಂಜೈಮ್ ಎಸೆಯಬೇಡಿ, ಜೀನೋಮಿಕ್ ಡಿಎನ್ಎ ಕತ್ತರಿಸಿದೆಯಲ್ಲ, ಅದು ಚೆನ್ನಾಗೇ ಇದೆ. ಟಿಎನ್5 ಕತ್ತರಿಸುವಾಗ ಅಡಾಪ್ಟರಿನ (ಪ್ರೈಮರ್ ಕೂರೋಕೆ ಬೇಕಾದ ಸಣ್ಣ ಡಿಎನ್ಎ) ಒಂದೇ ಎಳೆಯನ್ನು ತುಂಡಿನ 5' ತುದಿಗೆ ಬೆಸೆಯುತ್ತೆ. ಎದುರು ಎಳೆಯಲ್ಲಿ 9 ಬೇಸ್ ಖಾಲಿ ಬಿಟ್ಟಿರುತ್ತೆ. 72 ಡಿಗ್ರಿಯಲ್ಲಿ 5 ನಿಮಿಷ ಇಟ್ಟರೆ ಪಾಲಿಮರೇಸ್ ಆ ಖಾಲಿ ಜಾಗದಿಂದ ಶುರುಮಾಡಿ ಅಡಾಪ್ಟರ್ ತುದಿವರೆಗೂ ನಕಲು ಮಾಡುತ್ತೆ. ನೀವು ನೇರ 98ಕ್ಕೆ ಹೋದ್ರಿ, ತುಂಬೋ ಮೊದಲೇ ಎಳೆಗಳು ಬೇರೆಯಾದವು, 3' ತುದಿಯಲ್ಲಿ ಪ್ರೈಮರ್ ಕೂರೋಕೆ ಜಾಗವೇ ಇಲ್ಲ. ಬರೀ 72ರ ಹೆಜ್ಜೆ ಸೇರಿಸಿದರೂ ಸಾಲದು: ಕೆಲವು ಹಾಟ್-ಸ್ಟಾರ್ಟ್ ಪಾಲಿಮರೇಸ್‌ಗಳು ಮೊದಲು ಚೆನ್ನಾಗಿ ಕಾಯದೆ ಎಚ್ಚರವಾಗೋದೇ ಇಲ್ಲ. ಹಳೇ ಮಿಕ್ಸ್ ಹಾಕಿ.

ಬಫರ್_ಭಕ್ತ:
ಇರಬಹುದು. ಆದರೂ ಇನ್ನೊಂದು ಸಲ ತೊಳೆಯೋದರಲ್ಲಿ ನಷ್ಟ ಇಲ್ಲ.

ಗ್ಲಿಸರಾಲ್_50:
ಜಾಸ್ತಿ ತೊಳೆದರೆ ಕೋಶಗಳೇ ಕಳೆದುಹೋಗ್ತವೆ ಸರ್.

ಖಾಲಿ_ಲೇನ್:
ಬಂತು! ಟ್ಯಾಗ್ಮೆಂಟ್ ಆದ (ಟಿಎನ್5 ಕತ್ತರಿಸಿ ಅಡಾಪ್ಟರ್ ಬೆಸೆದ) ಡಿಎನ್‌ಎ ಫ್ರೀಜರಲ್ಲಿ 10 ಮೈಕ್ರೋಲೀಟರ್ ಉಳಿದಿತ್ತು. ಹಳೇ ಮಿಕ್ಸ್, ಮೊದಲು 72ರಲ್ಲಿ 5 ನಿಮಿಷ. 200ರ ಹತ್ತಿರ ಎತ್ತರದ ಶಿಖರ, ಅದರ ಬಲಕ್ಕೆ ಇನ್ನೆರಡು ಸ್ಪಷ್ಟವಾಗಿ ಕಾಣ್ತಿವೆ. ಹಳೇ_ಪಿಪೆಟ್ ಅವರಿಗೆ ತುಂಬಾ ಥ್ಯಾಂಕ್ಸ್. ಒಂದು ತಿಂಗಳ ಕೆಲಸ ಉಳೀತು.

ಕಿಟ್_ಸಾಕು:
ಒಳ್ಳೇದಾಯ್ತು. ಗ್ಲಿಸರಾಲ್_50 ಅವರೇ, ನೀವು ಶುದ್ಧ ಮಾಡುವಾಗ ಇ. ಕೋಲೈ ಡಿಎನ್‌ಎ ಜೊತೆಗೇ ಬರುತ್ತಲ್ಲ, ಅದನ್ನು ಹೇಗೆ ತೆಗೀತೀರಿ?