ಮನೆಯಿಂದ ಗಣಿತ ಪಾಠ: ಮಕ್ಕಳ ಮನೇಲಿ ಒಂದೇ ಫೋನು

ಪ್ರಶ್ನೆ: ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಮನೆಯಿಂದಲೇ ಗಣಿತ ಹೇಳಿಕೊಡಬೇಕು. ಲ್ಯಾಪ್‌ಟಾಪು, ಫೋನು ಇವೆ, ಬರೆದದ್ದನ್ನು ತೆರೆ ಮೇಲೆ ಮೂಡಿಸುವ ಪೆನ್ ಟ್ಯಾಬ್ಲೆಟ್ ಇಲ್ಲ. ಮಕ್ಕಳದು ಅಪ್ಪನ ಫೋನು, ದಿನಕ್ಕೆ 1.5 ಜಿಬಿ. ಹೇಗೆ ಹೊಂದಿಸಿಕೊಳ್ಳಲಿ?

ಗಣಿತ ಶಿಕ್ಷಕಿ: ಟ್ಯಾಬ್ಲೆಟ್ಟಿಗೆ ಈಗಲೇ ದುಡ್ಡು ಹಾಕಬೇಡಿ ಮೇಡಂ. ಮೇಜಿನ ಮೇಲೆ ಒಂದಡಿ ಎತ್ತರ ಪುಸ್ತಕ ಪೇರಿಸಿ. ಫೋನಿನ ಕ್ಯಾಮೆರಾ ಇರುವ ತುದಿ ಮಾತ್ರ ಹೊರಗೆ ಚಾಚಲಿ, ಉಳಿದ ಭಾಗದ ಮೇಲೆ ಇನ್ನೊಂದು ದಪ್ಪ ಪುಸ್ತಕ ಹೇರಿ. ಕೆಳಗೆ ಗೆರೆ ಇಲ್ಲದ ಹಾಳೆ, ಕಪ್ಪು ಸ್ಕೆಚ್ ಪೆನ್ನು. ಬಲಗೈಲಿ ಬರೆಯುವವರಾದರೆ ದೀಪ ಎಡಕ್ಕಿರಲಿ, ಇಲ್ಲದಿದ್ದರೆ ಬರೆಯುತ್ತಿರುವ ಸಾಲಿನ ಮೇಲೇ ಕೈ ನೆರಳು ಬೀಳುತ್ತೆ. ಆಟೋ ರೊಟೇಟ್ ಆಫ್ ಮಾಡಿ. ಫೋನು ಅಂಗಾತ ಮಲಗಿದಾಗ ಅದಕ್ಕೆ ದಿಕ್ಕು ತಿಳಿಯದೆ ಚಿತ್ರ ತಿರುಗುತ್ತಿರುತ್ತೆ. ಕ್ಲಾಸಿನ ವಿಡಿಯೊ ಕರೆಗೆ ಫೋನು, ಲ್ಯಾಪ್‌ಟಾಪು ಎರಡರಿಂದಲೂ ಸೇರಿ, ಹಾಳೆ ಫೋನಿಂದ ತೋರಿಸಿ, ಲ್ಯಾಪ್‌ಟಾಪಿಂದ ಮಾತಾಡಿ. ಫೋನಿನ ಮೈಕು, ಸ್ಪೀಕರು ಎರಡೂ ಬಂದ್ ಇರಲೇಬೇಕು, ಒಂದರ ಸದ್ದು ಇನ್ನೊಂದಕ್ಕೆ ಹೋಗಿ ಕಿವಿ ಕೊರೆಯುವ ಕೀರಲು ಬರುತ್ತೆ.

ವಿಜ್ಞಾನ ಮೇಷ್ಟ್ರು: ಇದೆಲ್ಲ ಸರಿ, ಆದರೆ ತಾಸುಗಟ್ಟಲೆ ಲೈವ್ ಬೇಡ. ವಿಡಿಯೊ ಒಂದು ತಾಸಿಗೆ 1 ಜಿಬಿವರೆಗೂ ತಿನ್ನಬಹುದು, ಅಣ್ಣನೋ ತಂಗಿಯೋ ಅದೇ ಫೋನಲ್ಲಿ ಓದುವುದಿದ್ದರೆ ಮುಗಿಯಿತು. ಬಿಡಿಸಿದ ಲೆಕ್ಕದ ಫೋಟೊ, ಜೊತೆಗೆ ಐದು ನಿಮಿಷದ ವಾಯ್ಸ್ ಮೆಸೇಜ್ ವಾಟ್ಸಾಪಲ್ಲಿ ಕಳಿಸಿ. ಎರಡೂ ಸೇರಿ ಒಂದೆರಡು ಎಂಬಿ. ಅಪ್ಪ ಹೊಲದಿಂದ ಬಂದ ಮೇಲೂ ಕೇಳಬಹುದು. ಲೈವ್ ಅರ್ಧ ತಾಸು, ಬರೀ ಸಂದೇಹಕ್ಕೆ. ಪಠ್ಯಪುಸ್ತಕದ ಕ್ಯೂಆರ್ ಕೋಡಿಂದ ಸಿಗುವ, ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದ ವಿಡಿಯೊಗಳನ್ನು ವೈಫೈ ಇರುವಲ್ಲಿ ಆ್ಯಪಲ್ಲೇ ಇಳಿಸಿಕೊಳ್ಳಲು ಹೇಳಿ.

ಕಂಪ್ಯೂಟರ್ ತರಬೇತಿ ಕೊಡುವವರು: ಕಿರುಪರೀಕ್ಷೆ ಬಗ್ಗೆ ಒಂದು ಮಾತು. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೇ ಫಾಂಟಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆಯನ್ನು ಗೂಗಲ್ ಫಾರ್ಮಿಗೆ ಹಾಗೇ ಅಂಟಿಸಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರ ಬರುತ್ತವೆ. ಮೊದಲು ಯೂನಿಕೋಡಿಗೆ, ಅಂದರೆ ಫೋನು, ವೆಬ್‌ಸೈಟುಗಳಲ್ಲಿ ಕನ್ನಡ ಕನ್ನಡವಾಗೇ ಕಾಣುವ ಅಕ್ಷರ ಸಂಕೇತಕ್ಕೆ ಪರಿವರ್ತಿಸಿ, ಆಮೇಲೆ ಅರ್ಕಾವೊತ್ತು, ಘಾತಸಂಖ್ಯೆ ಎರಡನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿ. x² ಎಂಬುದು x2 ಆಗಿಬಿಟ್ಟರೆ ಮಗು ಸರಿ ಮಾಡಿದರೂ ಅಂಕ ಹೋಗುತ್ತೆ. ಫಾರ್ಮಲ್ಲಿ ಫೈಲ್ ಅಪ್‌ಲೋಡ್ ಕೇಳಬೇಡಿ, ಅದಕ್ಕೆ ಗೂಗಲ್ ಲಾಗಿನ್ ಬೇಕೇ ಬೇಕು. ಕರೆಂಟ್ ಹೋಗುವ ಊರಾದರೆ ರೂಟರಿಗೊಂದು ಮಿನಿ ಯುಪಿಎಸ್ ತಗೊಳ್ಳಿ, ಅಡಾಪ್ಟರ್ ಮೇಲೆ 9 ವೋಲ್ಟ್ ಅಂತಿದೆಯೋ 12 ಅಂತಿದೆಯೋ ನೋಡಿ. 9ರದಕ್ಕೆ 12 ಕೊಟ್ಟರೆ ರೂಟರ್ ಸುಟ್ಟೀತು.

ಗಣಿತ ಶಿಕ್ಷಕಿ: ಮೇಷ್ಟ್ರು ಹೇಳಿದ ವಾಟ್ಸಾಪಿಗೆ ಒಂದು ಸೇರಿಸುತ್ತೇನೆ. ಮಾಮೂಲಿ ಗ್ರೂಪಲ್ಲಿ ಪ್ರತಿಯೊಬ್ಬರ ನಂಬರೂ ಎಲ್ಲರಿಗೂ ಕಾಣುತ್ತೆ. ಹೆಣ್ಣುಮಕ್ಕಳ ಮನೆಯವರು ಹಿಂಜರಿಯುವುದು ಸಹಜ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಅದರಲ್ಲಿ ಒಂದೇ ಮೆಸೇಜ್ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತೆ. ಆದರೆ ಪ್ರತಿ ಮನೆಯವರೂ ನಿಮ್ಮ ನಂಬರ್ ಸೇವ್ ಮಾಡಿರಬೇಕು, ಇಲ್ಲದಿದ್ದರೆ ಮೆಸೇಜ್ ತಲುಪುವುದೇ ಇಲ್ಲ.