ಪೋಲೋ ಜಿಟಿಗೆ ಲೋವರಿಂಗ್ ಸ್ಪ್ರಿಂಗ್: ಎಷ್ಟು ಇಳಿಸಬಹುದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 62 ಸಾವಿರ ಕಿ.ಮೀ. ಓಡಿದೆ, ಶಾಕ್ ಅಬ್ಸಾರ್ಬರ್ ಇನ್ನೂ ಕಂಪನಿಯವೇ. ಕಾರು ಅಂದ್ರೆ ಪ್ರಾಣ. ಆದರೆ ಮುಂದಿನ ಟೈರಿಗೂ ಅದರ ಮೇಲಿನ ಬಾಡಿಗೂ ನಡುವೆ ನಾಲ್ಕು ಬೆರಳು ಆರಾಮಾಗಿ ಹೋಗುತ್ತವೆ. ಮಡಿಕೇರಿ ಘಾಟಿಯ ತಿರುವುಗಳಲ್ಲಿ ಬಾಡಿ ಜಾಸ್ತಿ ವಾಲುತ್ತದೆ. ನನಗೆ ಬೇಸರ ಇರೋದು ಅದೇ, ಲುಕ್ ಆಮೇಲಿನ ಮಾತು.

ಅದಕ್ಕೆ ಕಾರಿನ ಎತ್ತರ ಇಳಿಸುವ ಗಿಡ್ಡ, ಗಟ್ಟಿ ಸ್ಪ್ರಿಂಗ್ (ಲೋವರಿಂಗ್ ಸ್ಪ್ರಿಂಗ್) ಹಾಕಿಸೋಣ ಅಂತಿದ್ದೇನೆ. ಐಬಾಕ್, ಎಚ್ ಅಂಡ್ ಆರ್, ಕೋಬ್ರಾ ಅನ್ನೋ ಕಂಪನಿಗಳ ಹೆಸರು ಕೇಳಿದ್ದೇನೆ. 30 ಮಿ.ಮೀ. ಇಳಿಸಿದರೆ ಸಾಕು ಅನಿಸುತ್ತಿದೆ. ಆದರೆ ಯುರೋಪಿನ ಪೋಲೋಗಿಂತ ನಮ್ಮದು ಮೊದಲೇ ಎತ್ತರ ಅಲ್ವಾ? ಅಲ್ಲಿಯ ಕಾರಿಗೆ ಮಾಡಿದ ಸ್ಪ್ರಿಂಗ್ ಇಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಇಳಿಸುತ್ತದಾ? ಹಾಕಿಸಿದವರು ಮೊದಲು, ಆಮೇಲೆ ಅಳೆದಿದ್ದರೆ ದಯವಿಟ್ಟು ಹೇಳಿ.

ಒಂದು ಗ್ಯಾರೇಜಿನಲ್ಲಿ ಈಗಿರುವ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಕೊಡ್ತೀವಿ ಅಂದರು. ಬೇಡ ಅಂತ ವಾಪಸ್ ಬಂದೆ. ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ಸರಿಯಾಗಿ ಕೂರೋದಿಲ್ಲ, ಚಕ್ರ ಪೂರ್ತಿ ಕೆಳಗಿಳಿದಾಗ ಸ್ಪ್ರಿಂಗ್ ಸಡಿಲವಾಗಬಹುದು. ಆ ರಿಸ್ಕ್ ನನಗೆ ಬೇಡ.

ಗಟ್ಟಿ ಸ್ಪ್ರಿಂಗಿಗೆ ಹಳೇ ಶಾಕ್ ತಡೆಯುತ್ತದಾ, ಅಥವಾ ಒಟ್ಟಿಗೇ ಬದಲಿಸೋದು ಒಳ್ಳೆಯದಾ? ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿದಾಗ ತಡೆಯುವ ರಬ್ಬರ್) ಗಿಡ್ಡ ಮಾಡಿಸಬೇಕಾ? ಅಲೈನ್‌ಮೆಂಟ್ ಮಾಡಿಸಿದ ಮೇಲೂ ನಿಮ್ಮ ಟೈರಿನ ಒಳಅಂಚು ಸವೆದಿತ್ತಾ?

ಹಿಂದಿನ ಸೀಟಿನಲ್ಲಿ ವಾರಕ್ಕೊಮ್ಮೆ ಅಪ್ಪ ಅಮ್ಮ ಕೂರುತ್ತಾರೆ. ಅಮ್ಮನಿಗೆ ಸೊಂಟನೋವು. ನಮ್ಮ ಬೀದಿಯ ಹಂಪಿನಲ್ಲಿ ನಾಲ್ಕು ಜನ ಕೂತರೆ ಈಗಲೇ ಒಮ್ಮೊಮ್ಮೆ ತಳ ಉಜ್ಜುತ್ತದೆ. ಇಂಥ ಕಾರಿಗೆ ಇಳಿಸೋದೇ ಬೇಡ ಅನ್ನೋದಾದರೆ ಅದನ್ನೂ ನೇರವಾಗಿ ಹೇಳಿ. ಮೈಸೂರಿನಲ್ಲಿ ಇದನ್ನು ಹಾಕಿಸಿದವರಿದ್ದರೆ ಒಂದು ರೌಂಡ್ ಕೂರಿಸಿಕೊಂಡು ಹೋಗ್ತೀರಾ?